ಸೆಳವಿರುವ ನದಿಯಲ್ಲಿ ಸ್ಕೂಬಾ: ನೀರಿಗಿಳಿಯುವ ಮೊದಲೇ ಹಾಕಬೇಕಾದ ಲೆಕ್ಕ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಒಂದು ಸಲ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದು) ಮಾಡಿ ಬಂದವರು ಈಗ ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಒಂದು ಧೈರ್ಯ ಬಂದಿರುತ್ತದೆ. ಸಮುದ್ರದಲ್ಲೇ ಮುಳುಗಿ ಎದ್ದಾಯಿತು, ಇನ್ನು ನದಿ ಏನು ಮಹಾ? ಆಳ ಕಡಿಮೆ, ಅಲೆ ಇಲ್ಲ, ದಡ ಕಣ್ಣೆದುರಿಗೇ ಇದೆ.

ದಡ ಕಣ್ಣೆದುರಿಗೆ ಇರುವುದೇ ಮೋಸ. ನೇತ್ರಾಣಿಯಂಥ ಕಡೆ ಸೆಳವು ಜಾಸ್ತಿ ಇದ್ದರೆ ದೋಣಿಯವರು ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಬಹುದು, ಅಥವಾ ಉಬ್ಬರ ಇಳಿತ ಬದಲಾಗುವವರೆಗೆ ಕಾಯಬಹುದು. ನದಿಯಲ್ಲಿ ಆ ಅನುಕೂಲ ಇಲ್ಲ. ನೀರು ಒಂದೇ ದಿಕ್ಕಿಗೆ, ಬೆಳಗ್ಗೆಯಿಂದ ರಾತ್ರಿವರೆಗೆ, ಸುಸ್ತಾಗದೆ ಹರಿಯುತ್ತದೆ. ಸುಸ್ತಾಗುವವರು ನಾವು.

ಹಾಗಂತ ಹರಿಯುವ ನದಿಯಲ್ಲಿ ಡೈವಿಂಗ್ ಮಾಡಲೇಬಾರದು ಅಂತಲ್ಲ. ಕೆನಡಾ ಮತ್ತು ಅಮೆರಿಕದ ಗಡಿಯಲ್ಲಿ ಹರಿಯುವ ಸೇಂಟ್ ಲಾರೆನ್ಸ್ ನದಿಯಲ್ಲಿ ಪ್ರತಿ ಬೇಸಿಗೆಯಲ್ಲೂ ಹವ್ಯಾಸಿ ಡೈವರ್‌ಗಳು ಇಳಿಯುತ್ತಾರೆ. ಸೆಳವಿನಲ್ಲಿ ಮುಳುಗುವುದು ಹೇಗೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಅಲ್ಲಿ ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ನೋಡಿದರೆ ನಮ್ಮ ಹೊಳೆಗಳ ಬಗ್ಗೆಯೂ ಒಂದಷ್ಟು ಸಂಗತಿ ಸ್ಪಷ್ಟವಾಗುತ್ತದೆ.

ನೀರಿನ ತಳ್ಳುವ ಬಲ

ಮೊದಲು ಸ್ವಲ್ಪ ಭೌತಶಾಸ್ತ್ರ. ಇದು ಗೊತ್ತಾದರೆ ಮಿಕ್ಕ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಸೆಳವಿನ ವೇಗವನ್ನು ಡೈವರ್‌ಗಳು ನಾಟ್‌ನಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಕೇಳುವುದಕ್ಕೆ ಏನೂ ಅಲ್ಲ. ಅಂಗಡಿಗೆ ಹೋಗಿ ಬರುವಾಗ ನಾವು ಇದರ ಎರಡೂವರೆ ಪಟ್ಟು ವೇಗದಲ್ಲಿ ನಡೆಯುತ್ತೇವೆ. ಆದರೆ ನೀರು ಗಾಳಿಗಿಂತ 800 ಪಟ್ಟು ಹೆಚ್ಚು ಸಾಂದ್ರ. ಸೆಕೆಂಡಿಗೆ ಒಂದು ಮೀಟರ್, ಅಂದರೆ ಎರಡು ನಾಟ್ ವೇಗದಲ್ಲಿ ಹರಿಯುವ ನೀರು ನಿಮ್ಮ ಮೈಮೇಲೆ ಹಾಕುವ ಒತ್ತಡ, ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿ ಹಾಕುವಷ್ಟೇ ಇರುತ್ತದೆ.

ಇನ್ನೂ ಒಂದು ವಿಷಯ ಇದೆ. ವೇಗ ಎರಡರಷ್ಟಾದರೆ ಬಲ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಆ ಸೆಳವಿಗೆ ಎದುರಾಗಿ ಈಜಿ ಇದ್ದಲ್ಲೇ ಇರಬೇಕೆಂದರೆ ಖರ್ಚಾಗುವ ಶಕ್ತಿ ಎಂಟರಷ್ಟು. ಪೂರ್ತಿ ಸ್ಕೂಬಾ ಸಾಮಾನು ಹೊತ್ತ ಸಾಧಾರಣ ಡೈವರ್ ಅರ್ಧ ನಾಟ್‌ಗೆ ಎದುರಾಗಿ ಆರಾಮವಾಗಿ ಈಜಬಹುದು. ಒಂದು ನಾಟ್‌ಗೆ ಏದುಸಿರು ಬರುತ್ತದೆ. ಎರಡು ನಾಟ್‌ಗೆ ಎದುರಾಗಿ ನಿಲ್ಲುವ ಮನುಷ್ಯ ಇಲ್ಲ ಅಂತಲೇ ಇಟ್ಟುಕೊಳ್ಳಿ. ಜಿಮ್‌ಗೆ ಹೋಗಿ ಬೆಳೆಸಿದ ಮೈ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ನದಿ ಡೈವಿಂಗ್‌ನ ಎಲ್ಲ ತಂತ್ರಗಳೂ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಎಷ್ಟು ವೇಗ ಕಂಡರೆ ವಾಪಸ್ ಹೋಗಬೇಕು ಎಂಬ ಮೂರೂ ದಡದ ಮೇಲೆ ತೀರ್ಮಾನವಾಗಿರಬೇಕು. ನೀರಿನೊಳಗೆ ಹೋದಮೇಲೆ ಮಾಡುವ ತೀರ್ಮಾನಗಳಿಗೆ ನದಿ ಸಮಯ ಕೊಡುವುದಿಲ್ಲ.

ಸೇಂಟ್ ಲಾರೆನ್ಸ್ ಯಾಕೆ?

ಉತ್ತರ ಅಮೆರಿಕದ ಐದು ಮಹಾ ಸರೋವರಗಳ ನೀರೆಲ್ಲ ಕೊನೆಗೆ ಒಂಟಾರಿಯೊ ಸರೋವರಕ್ಕೆ ಬಂದು, ಅಲ್ಲಿಂದ ಈ ನದಿಯ ಮೂಲಕ ಅಟ್ಲಾಂಟಿಕ್ ಸೇರುತ್ತದೆ. ಸೆಕೆಂಡಿಗೆ ಸರಾಸರಿ 7 ಸಾವಿರ ಘನ ಮೀಟರ್ ಆಸುಪಾಸು. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಮಾರು ಎರಡೂವರೆ ಲಕ್ಷ ಕ್ಯೂಸೆಕ್. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ, ಅಲ್ವಾ? ಇಲ್ಲಿ ಅದರ ಎರಡೂವರೆ ಪಟ್ಟು ನೀರು ಸದ್ದಿಲ್ಲದೆ ವರ್ಷವಿಡೀ ಹರಿಯುತ್ತದೆ.

ಡೈವರ್‌ಗೆ ಬೇಕಾದ ಮುಖ್ಯ ಗುಣವೇ ಈ 'ವರ್ಷವಿಡೀ'. ಮಹಾ ಸರೋವರಗಳು ಅಷ್ಟು ದೊಡ್ಡ ತೊಟ್ಟಿಗಳಾಗಿರುವುದರಿಂದ ಒಂದು ಮಳೆಗೆ ನದಿ ಉಕ್ಕುವುದಿಲ್ಲ. ಇವತ್ತು ಒಂದು ಜಾಗದಲ್ಲಿ ಎರಡು ನಾಟ್ ಇದ್ದರೆ ನಾಳೆಯೂ ಹೆಚ್ಚುಕಡಿಮೆ ಅಷ್ಟೇ. ಸೆಳವು ಬಲವಾಗಿದೆ, ಆದರೆ ನಂಬಬಹುದು.

ಎರಡನೆಯದು ತಿಳಿನೀರು. 1980ರ ದಶಕದ ಕೊನೆಯಲ್ಲಿ ಹಡಗುಗಳ ಜೊತೆ ಯುರೋಪಿನ ಕಡೆಯಿಂದ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಈ ಸರೋವರಗಳಿಗೆ ಬಂತು. ಪರಿಸರದ ದೃಷ್ಟಿಯಿಂದ ಅದೊಂದು ದೊಡ್ಡ ಪೀಡೆ. ನೀರಿನಲ್ಲಿರುವ ಸಣ್ಣ ಜೀವಿಗಳನ್ನೆಲ್ಲ ಸೋಸಿ ತಿಂದು, ಮೀನುಗಳ ಹೊಟ್ಟೆಗೆ ಕಲ್ಲು ಹಾಕಿತು. ಡೈವರ್‌ಗಳಿಗೆ ಮಾತ್ರ ನೀರು ತಿಳಿಯಾಯಿತು. ಅದೇ ಚಿಪ್ಪು ಪ್ರತಿ ಬಂಡೆಗೂ, ಮುಳುಗಿದ ಪ್ರತಿ ಹಲಗೆಗೂ ಅಂಟಿಕೊಂಡಿದೆ. ಬ್ಲೇಡಿನಷ್ಟು ಹರಿತ. ಹಾಗಾಗಿ ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದಾಗಲೂ ಅಲ್ಲಿ ಕೈಗವಸು ಬೇಕೇ ಬೇಕು.

ಮೂರನೆಯದು ಮುಳುಗಿದ ಹಡಗುಗಳು. ಬ್ರಾಕ್‌ವಿಲ್ ಊರಿನ ಹತ್ತಿರ 1877ರಲ್ಲಿ ಮುಳುಗಿದ ಲಿಲ್ಲಿ ಪಾರ್ಸನ್ಸ್ ಎಂಬ ಹಾಯಿಹಡಗು ಒಂದು ಪುಟ್ಟ ದ್ವೀಪದ ಮಗ್ಗುಲಲ್ಲಿ ತಲೆಕೆಳಗಾಗಿ ಬಿದ್ದಿದೆ. 1912ರಲ್ಲಿ ಮಂಜಿನಲ್ಲಿ ದಾರಿ ತಪ್ಪಿ ದಿಬ್ಬಕ್ಕೆ ಬಡಿದ ಕೀಸ್ಟಾರ್ಮ್ ಎಂಬ ಕಲ್ಲಿದ್ದಲಿನ ಹಡಗು ಇಳಿಜಾರಿನಲ್ಲಿ ಮಲಗಿದೆ. ಕಾರ್ಡಿನಲ್ ಎಂಬ ಊರಿನ ಬಳಿ 1922ರಲ್ಲಿ ಬೆಂಕಿ ಬಿದ್ದು ಮುಳುಗಿದ ಕಾನೆಸ್ಟೋಗಾ ಎಷ್ಟು ಆಳವಿಲ್ಲದ ಕಡೆ ಇದೆ ಎಂದರೆ ಅದರ ಯಂತ್ರದ ಮೇಲ್ತುದಿ ಇವತ್ತಿಗೂ ನೀರಿನ ಮೇಲೆ ಕಾಣುತ್ತದೆ. ಆದರೆ ಸೆಳವಿನಲ್ಲಿ ಅದು ಪಳಗಿದವರಿಗೆ ಮಾತ್ರ.

ನದಿಯನ್ನು ಓದುವುದು

ನೀರಿನ ವೇಗ ಅಳೆಯುವುದಕ್ಕೆ ಯಂತ್ರ ಬೇಕಿಲ್ಲ. ದಡದಲ್ಲಿ ಹತ್ತು ಮೀಟರ್ ಅಂತರಕ್ಕೆ ಎರಡು ಗುರುತು ಮಾಡಿ, ಒಂದು ಕಡ್ಡಿಯನ್ನು ನೀರಿಗೆ ಎಸೆದು ಗಡಿಯಾರ ನೋಡಿ. 20 ಸೆಕೆಂಡ್ ತೆಗೆದುಕೊಂಡರೆ ಒಂದು ನಾಟ್. 10 ಸೆಕೆಂಡ್ ಆದರೆ ಎರಡು. ಐದೇ ಸೆಕೆಂಡಿನಲ್ಲಿ ದಾಟಿದರೆ ನಾಲ್ಕು ನಾಟ್, ಬ್ಯಾಗು ಕಟ್ಟಿ ಮನೆಗೆ ಹೊರಡಿ. ಆದರೆ ದಡದ ಹತ್ತಿರ ನೀರು ನಿಧಾನ. ಕಡ್ಡಿಯನ್ನು ನೀವು ನಿಜಕ್ಕೂ ಇಳಿಯುವ ಸಾಲಿಗೆ ಎಸೆಯಬೇಕು. ನದಿ ನಡುವೆ ಸರಪಳಿ ಹಾಕಿ ನಿಲ್ಲಿಸಿದ ತೇಲುಬುರುಡೆ (ಬಾಯ್) ಇದ್ದರೆ ಅದನ್ನೂ ನೋಡಿ. ಅದು ಒಂದು ಕಡೆ ವಾಲಿ, ಹಿಂದೆ ನೊರೆಯ ಬಾಲ ಬಿಡುತ್ತಿದ್ದರೆ ಅಲ್ಲಿ ಸೆಳವು ಜೋರು.

ಮೇಲಿನ ವೇಗವೇ ತಳದಲ್ಲೂ ಇರುವುದಿಲ್ಲ. ತಳದ ಕಲ್ಲು ಮರಳಿಗೆ ತಾಗಿದ ನೀರು ಉಜ್ಜಿಕೊಂಡು ನಿಧಾನವಾಗುತ್ತದೆ. ತಳದಿಂದ ಒಂದೆರಡು ಅಡಿಯೊಳಗೆ ಮೈ ಇಟ್ಟುಕೊಂಡರೆ ಸೆಳವು ಗಮನಕ್ಕೆ ಬರುವಷ್ಟು ಕಡಿಮೆ. ಅದೇ ಡೈವರ್ ಎರಡು ಮೀಟರ್ ಮೇಲೆದ್ದರೆ ಯಾರೋ ಹಿಡಿದು ಎಳೆದ ಹಾಗೆ ಹೊರಟುಬಿಡುತ್ತಾನೆ. ಹೊಸಬರು ತಪ್ಪು ಮಾಡುವುದು ಇಲ್ಲೇ. ಸಮುದ್ರದಲ್ಲಿ ಹವಳ ಮುರಿಯಬಾರದು ಎಂದು ತಳದಿಂದ ದೂರ ತೇಲುವ ಅಭ್ಯಾಸ ಮಾಡಿಸಿರುತ್ತಾರೆ. ನದಿಯಲ್ಲಿ ಅದೇ ಅಭ್ಯಾಸ ಸೆಳವಿನ ಬಾಯಿಗೆ ಕೊಡುತ್ತದೆ.

ದೊಡ್ಡ ಬಂಡೆ, ಹಡಗಿನ ಮೈ, ಸೇತುವೆಯ ಕಂಬ ಹೀಗೆ ಏನಾದರೂ ಅಡ್ಡ ಬಂದರೆ ನೀರು ಎರಡೂ ಮಗ್ಗುಲಿಗೆ ಸೀಳಿ ಹೋಗುತ್ತದೆ. ಅದರ ಹಿಂಬದಿಯಲ್ಲಿ ಒಂದು ಮರೆ ಉಂಟಾಗುತ್ತದೆ. ಅಲ್ಲಿ ನೀರು ನಿಂತ ಹಾಗಿರುತ್ತದೆ, ಕೆಲವು ಸಲ ಹಿಂದಕ್ಕೂ ತಿರುಗುತ್ತದೆ. ಪಳಗಿದ ಡೈವರ್ ಒಂದು ಮರೆಯಿಂದ ಇನ್ನೊಂದು ಮರೆಗೆ ಹೋಗುತ್ತಾ, ಅಲ್ಲಲ್ಲಿ ನಿಂತು ಉಸಿರು ಸಮ ಮಾಡಿಕೊಳ್ಳುತ್ತಾನೆ. ಆದರೆ ಹರಿಯುವ ನೀರೂ ನಿಂತ ನೀರೂ ಸೇರುವ ಗೆರೆಯಲ್ಲಿ ಕಾಲು ಒಂದು ಕಡೆಗೆ, ತಲೆ ಒಂದು ಕಡೆಗೆ ತಿರುಗುತ್ತದೆ. ಅದನ್ನು ಓರೆಯಾಗಿ, ಒಂದೇ ಬೀಸಿಗೆ ದಾಟಬೇಕು. ಗೆರೆಯ ಮೇಲೆ ನಿಂತು ಯೋಚನೆ ಮಾಡುತ್ತಾ ಕೂರಬಾರದು.

ನದಿ ತಿರುವಿನಲ್ಲಿ ಹೊರಮಗ್ಗುಲು ಆಳವಾಗಿ, ವೇಗವಾಗಿ ಇರುತ್ತದೆ. ದಡ ಕೊರೆದು ಬಿದ್ದ ಮರಗಳು ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಒಳಮಗ್ಗುಲಲ್ಲಿ ಮರಳು ಬಿದ್ದು ಆಳ ಕಡಿಮೆ, ಸೆಳವೂ ಕಡಿಮೆ. ನೀರಿನಿಂದ ಹೊರಬರುವ ಜಾಗವನ್ನು ಆದಷ್ಟು ಒಳಮಗ್ಗುಲಲ್ಲೇ ಗುರುತಿಸಬೇಕು.

ಇಳಿಯುವುದು

ನದಿಯಲ್ಲಿ ಡೈವಿಂಗ್ ಎರಡು ರೀತಿ. ಒಂದು, ನೀರಿನ ಜೊತೆ ತೇಲಿ ಹೋಗುವುದು. ಇದನ್ನು ಡ್ರಿಫ್ಟ್ ಡೈವ್ ಎನ್ನುತ್ತಾರೆ. ಇನ್ನೊಂದು, ಹಡಗಿನಂಥ ಒಂದೇ ಜಾಗವನ್ನು ನೋಡಿ ಬರುವುದು.

ಡ್ರಿಫ್ಟ್‌ನಲ್ಲಿ ಸೆಳವಿನ ಜೊತೆ ಜಗಳ ಇಲ್ಲ. ಎರಡು ನಾಟ್ ಸೆಳವಿನಲ್ಲಿ ಅರ್ಧ ಗಂಟೆ ಇದ್ದರೆ ಸುಮಾರು 1.8 ಕಿಲೋಮೀಟರ್ ಕೆಳಗೆ ಏಳುತ್ತೀರಿ. ಆದ್ದರಿಂದ ದೋಣಿ ನಿಮ್ಮ ಹಿಂದೆಯೇ ಬರಬೇಕು. ಲಂಗರು ಹಾಕಿ ಕೂತ ದೋಣಿ ಇಲ್ಲಿ ಉಪಯೋಗವಿಲ್ಲ. ದೋಣಿಯಲ್ಲಿ ನೀರಿಗೆ ಇಳಿಯದ, ಎಂಜಿನ್ ಬಿಟ್ಟು ಕದಲದ ಒಬ್ಬರು ಇರಲೇಬೇಕು. "ನಾವೆಲ್ಲ ಇಳಿದು ಬರ್ತೀವಿ, ದೋಣಿ ಕಟ್ಟಿ ಹಾಕೋಣ" ಅನ್ನುವ ತಂಡದ ಜೊತೆ ಹೋಗುವುದೇ ಬೇಡ.

ಇಬ್ಬರೂ ಒಟ್ಟಿಗೆ ಹಾರಬೇಕು. ಒಬ್ಬ ಹಾರಿ, ಇನ್ನೊಬ್ಬ ಮಾಸ್ಕ್ ಸರಿಮಾಡಿಕೊಳ್ಳುತ್ತಾ ಒಂದು ನಿಮಿಷ ತಡಮಾಡಿದರೆ ನಡುವೆ 60 ಮೀಟರ್ ಅಂತರ ಬಿದ್ದಿರುತ್ತದೆ. ನೀರಿನೊಳಗೆ ಅಷ್ಟು ದೂರ ಕಾಣುವುದಿಲ್ಲ. ಹಡಗಿನಂಥ ಗುರಿ ಇದ್ದರೆ ನೆಗೆಟಿವ್ ಎಂಟ್ರಿ ಮಾಡುತ್ತಾರೆ. ಅಂದರೆ ಗಾಳಿ ತುಂಬಿದರೆ ತೇಲಿಸುವ, ತೆಗೆದರೆ ಮುಳುಗಿಸುವ ಬಿಸಿಡಿ ಜಾಕೆಟ್‌ನ ಗಾಳಿ ಪೂರ್ತಿ ತೆಗೆದು, ಹಾರಿದ ಕೂಡಲೇ ಮುಳುಗುವುದು. ಇದಕ್ಕೆ ಸಲಕರಣೆ ಎಲ್ಲ ಮೊದಲೇ ಪರೀಕ್ಷಿಸಿರಬೇಕು. ಸಿಲಿಂಡರ್‌ನ ವಾಲ್ವ್ ಮುಚ್ಚಿದ್ದು ಐದು ಮೀಟರ್ ಆಳದಲ್ಲಿ ಗೊತ್ತಾದರೆ ಏನು ಗತಿ?

ನಿಂತ ಜಾಗದ ಡೈವ್‌ನಲ್ಲಿ ಹಗ್ಗ ಅಥವಾ ಸರಪಳಿಯೇ ದಾರಿ. ಲಿಲ್ಲಿ ಪಾರ್ಸನ್ಸ್‌ಗೆ ದ್ವೀಪದ ದಡದಿಂದ ಹಡಗಿನವರೆಗೆ ಸರಪಳಿ ಎಳೆದಿದ್ದಾರೆ. ಅದನ್ನು ಹಿಡಿದು ಒಂದೊಂದೇ ಕೈ ಮುಂದಿಟ್ಟು ಇಳಿಯಬೇಕು. ಈಜುವ ಗೋಜಿಲ್ಲ. ಕಾನೆಸ್ಟೋಗಾಕ್ಕೆ ದಡದಿಂದಲೇ ಹೋಗಬಹುದು. ಆದರೆ ನೇರ ಎದುರಿನಿಂದ ಇಳಿದರೆ ಹಡಗು ಸಿಗುವುದಿಲ್ಲ, ಅದರ ಬಾಲ ದಾಟಿ ಕೆಳಗೆ ಹೋಗಿರುತ್ತೀರಿ. ದಡದಲ್ಲಿ ಮೇಲ್ಗಡೆಗೆ ನಡೆದು, ಅಲ್ಲಿ ಇಳಿದು, ಓರೆಯಾಗಿ ಹಡಗಿನ ಕಡೆಗೆ ಬರಬೇಕು. ನಮ್ಮ ಅಂಬಿಗರು ತುಂಬಿದ ಹೊಳೆ ದಾಟಿಸುವಾಗ ದೋಣಿಯ ಮೂತಿಯನ್ನು ಮೇಲ್ಗಡೆಗೆ ತಿರುಗಿಸಿ, ಓರೆಯಾಗಿ ಜಾರಿಸಿಕೊಂಡು ಹೋಗುತ್ತಾರಲ್ಲ, ಅದೇ ವಿದ್ಯೆ. ಒಮ್ಮೆ ಹಡಗಿನ ಮೈಯೊಳಗೆ ಸೇರಿದರೆ ಅಲ್ಲಿ ಮರೆ ಸಿಗುತ್ತದೆ.

ಮುಳುಗುವುದಕ್ಕೆ ಮೈಗೆ ಕಟ್ಟಿಕೊಳ್ಳುವ ಸೀಸದ ಭಾರದ ವಿಷಯದಲ್ಲಿ ಸ್ವಲ್ಪ ಗೊಂದಲ ಇದೆ. ಸಿಹಿನೀರು ಸಮುದ್ರದ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹಗುರ. ಹಾಗಾಗಿ ಮೈ ಮತ್ತು ಸಲಕರಣೆ ಸೇರಿ 90 ಕಿಲೋ ಇರುವವರಿಗೆ ನೇತ್ರಾಣಿಯಲ್ಲಿ ಬೇಕಾಗಿದ್ದಕ್ಕಿಂತ ಎರಡು ಕಿಲೋ ಸೀಸ ಕಡಿಮೆ ಸಾಕು. ಇನ್ನೊಂದು ಕಡೆ, ತಳಕ್ಕೆ ಅಂಟಿಕೊಂಡು ಹೋಗಬೇಕಾದ ಡೈವ್‌ಗಳಲ್ಲಿ ಕೆಲವರು ಬೇಕೆಂದೇ ಒಂದೆರಡು ಕಿಲೋ ಜಾಸ್ತಿ ಕಟ್ಟುತ್ತಾರೆ. ತಳ ಗೊತ್ತಿರುವ, ಆಳ ಕಡಿಮೆ ಇರುವ ಕಡೆ ಅದು ನಡೆಯುತ್ತದೆ. ಇಳಿಜಾರು ಒಮ್ಮೆಲೇ ಆಳಕ್ಕೆ ಹೋಗುವ ಕಡೆ ಅದೇ ಹೆಚ್ಚುವರಿ ಭಾರ ಕೆಳಗೆ ಎಳೆಯುತ್ತದೆ. ಕಲಿಯುವವರು ಈ ಪ್ರಯೋಗ ಮಾಡದಿರುವುದೇ ವಾಸಿ.

ತಳದಲ್ಲಿ

ಒಳಗೆ ಹೋದಮೇಲೆ ಮುಖ್ಯ ಸಾಧನ ಕೈ, ಕಾಲಲ್ಲ. ಬಂಡೆ ಹಿಡಿದು, ಮೈ ಎಳೆದುಕೊಂಡು, ಮುಂದಿನ ಬಂಡೆ ಹಿಡಿಯುವುದು. ಕಾಲು ಬಡಿದರೆ ಉಸಿರು ಖರ್ಚು, ದೂರ ಇಲ್ಲ. ತೋಳು ಎಳೆದರೆ ದೂರ ಸಿಗುತ್ತದೆ, ಉಸಿರು ಉಳಿಯುತ್ತದೆ. ಅಮೆರಿಕದ ಸೌತ್ ಕೆರೊಲೈನಾದ ಕೂಪರ್ ನದಿಯಲ್ಲಿ ಹತ್ತಾರು ಲಕ್ಷ ವರ್ಷ ಹಳೆಯ ಶಾರ್ಕ್ ಹಲ್ಲುಗಳನ್ನು ಹುಡುಕುವ ಡೈವರ್‌ಗಳು ಕೈಯಲ್ಲಿ ದೊಡ್ಡ ಸ್ಕ್ರೂಡ್ರೈವರ್ ಹಿಡಿದಿರುತ್ತಾರೆ. ತಳಕ್ಕೆ ಚುಚ್ಚಿ, ಅದನ್ನೇ ಗೂಟ ಮಾಡಿಕೊಂಡು ನಿಲ್ಲುತ್ತಾರೆ. ಅಲ್ಲಿ ನೀರು ಚಹಾದ ಬಣ್ಣ, ಟಾರ್ಚ್ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ.

ಮೈಯಿಂದ ಜೋತಾಡುವ ಪ್ರತಿ ವಸ್ತುವನ್ನೂ ಸೆಳವು ಹಿಡಿದು ಎಳೆಯುತ್ತದೆ. ಗಾಳಿ ಎಷ್ಟಿದೆ ಎಂದು ತೋರಿಸುವ ಗೇಜು, ಎರಡನೇ ರೆಗ್ಯುಲೇಟರ್ (ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸಾಧನ), ಟಾರ್ಚು ಎಲ್ಲವನ್ನೂ ಎದೆಗೆ ಕ್ಲಿಪ್ ಹಾಕಿ ಬಿಗಿಮಾಡಬೇಕು. ಬಿಸಿಡಿಯಲ್ಲಿ ಗಾಳಿ ಜಾಸ್ತಿ ಇದ್ದರೆ ಮೈಯ ಗಾತ್ರವೂ ಜಾಸ್ತಿ, ನೀರಿನ ಹಿಡಿತವೂ ಜಾಸ್ತಿ. ಇನ್ನು ಎರಡು ಸಣ್ಣ ವಿಷಯಗಳನ್ನು ಯಾರೂ ಮೊದಲೇ ಹೇಳುವುದಿಲ್ಲ. ಸೆಳವಿಗೆ ಮುಖಮಾಡಿದಾಗ ತಲೆಯನ್ನು ಪಕ್ಕಕ್ಕೆ ತಿರುಗಿಸಿದರೆ ನೀರು ಮಾಸ್ಕಿನ ಅಂಚಿಗೆ ನುಗ್ಗಿ ಅದನ್ನು ಕಿತ್ತುಕೊಳ್ಳಬಹುದು. ಜೊತೆಗಾರನನ್ನು ನೋಡಬೇಕೆಂದರೆ ಗದ್ದ ಎದೆಗೆ ತಂದು, ಮಾಸ್ಕ್ ಮೇಲೆ ಕೈಯಿಟ್ಟು ನೋಡಬೇಕು. ಹಾಗೇ ಜೋರು ಸೆಳವು ರೆಗ್ಯುಲೇಟರ್‌ನ ಮುಂಭಾಗದ ಗುಂಡಿಯನ್ನು ತಾನೇ ಒತ್ತಿ, ಗಾಳಿ ಸುಮ್ನೆ ಬುಸ್ಸೆಂದು ಸೋರುವಂತೆ ಮಾಡಬಹುದು. ರೆಗ್ಯುಲೇಟರ್ ಕೆಟ್ಟಿದೆ ಎಂದು ಹೆದರಬೇಕಿಲ್ಲ. ಮುಖವನ್ನು ಸ್ವಲ್ಪ ಓರೆ ಮಾಡಿದರೆ ನಿಲ್ಲುತ್ತದೆ.

ಈಗ ಗಾಳಿಯ ಲೆಕ್ಕ. ಇದನ್ನು ಕಾಗದದ ಮೇಲೆ ಮಾಡಿಯೇ ನೋಡಬೇಕು. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ತುಂಬಿದರೆ 2,400 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದ ಗಂಟು, ಹಾಗಾಗಿ ಕೈಗೆ ಸಿಗುವುದು 1,800 ಲೀಟರ್. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಗಾಳಿಯ ಖರ್ಚೂ ಮೂರು ಪಟ್ಟು. ಆರಾಮವಾಗಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 60 ಲೀಟರ್ ಖರ್ಚು, ಅರ್ಧ ಗಂಟೆ ಬರುತ್ತದೆ. ಅದೇ ಮನುಷ್ಯ ಸೆಳವಿಗೆ ಎದುರು ಒದ್ದಾಡತೊಡಗಿದರೆ ಉಸಿರು ನಿಮಿಷಕ್ಕೆ 60 ಲೀಟರ್‌ಗೆ ಏರುವುದು ದೊಡ್ಡ ಮಾತಲ್ಲ. ಆಗ ಖರ್ಚು 180 ಲೀಟರ್. ಹತ್ತು ನಿಮಿಷಕ್ಕೆ ಆ 1,800 ಲೀಟರ್ ಖಾಲಿ.

ಗಾಳಿ ಮುಗಿಯುವ ಮೊದಲೇ ಇನ್ನೊಂದು ಅಪಾಯ ಬರುತ್ತದೆ. ಏದುಸಿರಿನಲ್ಲಿ ಉಸಿರು ಮೇಲೆಮೇಲೇ ಆಗಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಮೈಯಲ್ಲಿ ಸೇರಿಕೊಳ್ಳುತ್ತದೆ. ಅದು ಸೇರಿದಷ್ಟೂ ಉಸಿರು ಸಾಲದು ಅನ್ನಿಸುತ್ತದೆ, ಗಾಬರಿಯಾಗುತ್ತದೆ. ಸಿಲಿಂಡರ್‌ನಲ್ಲಿ ಗಾಳಿ ಇದ್ದರೂ ರೆಗ್ಯುಲೇಟರ್ ಕಿತ್ತೆಸೆಯುವ ಹಂತ ಬರಬಹುದು. ಉಸಿರು ಏರುತ್ತಿದೆ ಎಂದು ಗೊತ್ತಾದ ಕ್ಷಣ ಈಜು ನಿಲ್ಲಿಸಬೇಕು. ಬಂಡೆ ಹಿಡಿ, ಅಥವಾ ಮರೆಗೆ ಹೋಗು, ಎರಡೂ ಸಿಗದಿದ್ದರೆ ಸೆಳವಿನ ಜೊತೆ ತೇಲು. ಉಸಿರನ್ನು ಉದ್ದವಾಗಿ ಹೊರಗೆ ಬಿಡು. ಡೈವ್ ಯೋಜನೆ ಕೆಟ್ಟರೆ ಕೆಡಲಿ.

ಒಂದೇ ಜಾಗಕ್ಕೆ ವಾಪಸ್ ಬರಬೇಕಾದ ಡೈವ್ ಆದರೆ ಮೊದಲು ಸೆಳವಿಗೆ ಎದುರು ಹೋಗಿ, ಗಾಳಿ ಅರ್ಧಕ್ಕಿಂತ ಮೇಲಿರುವಾಗಲೇ ತಿರುಗಬೇಕು. ಸೆಳವಿನ ಜೊತೆ ಕೆಳಗಡೆಗೆ ಮೊದಲು ಹೋದವರು ಖಾಲಿಯಾಗುವ ಸಿಲಿಂಡರ್ ಹೊತ್ತು ಎದುರು ಬರಬೇಕಾಗುತ್ತದೆ.

ಮೇಲೆ ಬರುವುದು, ಹಡಗಿನ ದಾರಿ

ಸೇಂಟ್ ಲಾರೆನ್ಸ್ ಬರೀ ನದಿಯಲ್ಲ, ದೊಡ್ಡ ಹಡಗುಗಳ ಹೆದ್ದಾರಿ. 1959ರಲ್ಲಿ ಜಲಮಾರ್ಗ ತೆರೆದಮೇಲೆ 225 ಮೀಟರ್ ಉದ್ದದವರೆಗಿನ ಹಡಗುಗಳು ಓಡಾಡುತ್ತವೆ. ಅವು ಡೈವರ್ ಕಂಡ ಕೂಡಲೇ ಬ್ರೇಕ್ ಹಾಕುವಂಥವಲ್ಲ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಹೋಗುವುದರಿಂದ ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಕೇಳುತ್ತದೆ. ಎಂಜಿನ್ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗಿರುತ್ತದೆ, ದಿಕ್ಕು ತಿಳಿಯುವುದಿಲ್ಲ.

ಅದಕ್ಕೇ ಏಳುವ ಮೊದಲು ಎಸ್‌ಎಂಬಿ ಬಿಡುತ್ತಾರೆ. ಇದು ಕಿತ್ತಳೆ ಬಣ್ಣದ, ಉದ್ದನೆಯ ಚೀಲ. ಕೆಳಗಿನಿಂದ ಗಾಳಿ ತುಂಬಿಸಿ ದಾರದ ಸುರುಳಿಯೊಂದಿಗೆ ಮೇಲೆ ಕಳಿಸಿದರೆ ನೀರಿನ ಮೇಲೆ ನೆಟ್ಟಗೆ ನಿಂತು, ಇಲ್ಲಿ ಮನುಷ್ಯ ಇದ್ದಾನೆ ಎಂದು ದೋಣಿಗೆ ತೋರಿಸುತ್ತದೆ. ಡ್ರಿಫ್ಟ್‌ನಲ್ಲಿ ಅನೇಕರು ಮೊದಲಿನಿಂದ ಕೊನೆಯವರೆಗೂ ಇದನ್ನು ಎಳೆದುಕೊಂಡೇ ಹೋಗುತ್ತಾರೆ. ದಾರದ ಸುರುಳಿಯನ್ನು ಕೈಯಲ್ಲಿ ಹಿಡಿದಿರಬೇಕು, ಮೈಗೆ ಕ್ಲಿಪ್ ಹಾಕಬಾರದು. ಮೇಲೆ ಯಾವುದೋ ದೋಣಿಯ ಪ್ರೊಪೆಲರ್‌ಗೆ ದಾರ ಸುತ್ತಿಕೊಂಡರೆ ಬಿಟ್ಟುಬಿಡುವ ಅವಕಾಶ ಇರಬೇಕು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ಸುರಕ್ಷತಾ ವಿರಾಮವನ್ನೂ ಈ ದಾರ ಹಿಡಿದು, ತೇಲುತ್ತಲೇ ಮುಗಿಸುತ್ತಾರೆ.

ಜೊತೆಗಾರ ಕಾಣೆಯಾದರೆ ಒಂದು ನಿಮಿಷ ಸುತ್ತ ನೋಡಿ, ನಿಧಾನವಾಗಿ ಮೇಲೆ ಬರಬೇಕು. ಅವನೂ ಅದನ್ನೇ ಮಾಡುತ್ತಾನೆ ಎಂಬ ಒಪ್ಪಂದ ಮೊದಲೇ ಆಗಿರಬೇಕು. ಅವನನ್ನು ಹುಡುಕಿಕೊಂಡು ಎದುರು ಈಜುವುದು ವ್ಯರ್ಥ. ಗಾಳದ ದಾರವೋ ಬಲೆಯೋ ಸಿಕ್ಕಿಕೊಂಡರೆ ಕತ್ತರಿಸುವ ಸಾಧನ ಎರಡೂ ಕೈಗೆ ಎಟುಕುವ ಹಾಗೆ ಎದೆಯ ಮೇಲೆ ಇರಬೇಕು. ಕಾಲಿಗೆ ಕಟ್ಟಿದ ಚಾಕು ಸಿನಿಮಾದಲ್ಲಿ ಚಂದ. ಸೆಳವಿನಲ್ಲಿ ಕಾಲು ಕೈಗೆ ಸಿಗುವುದಿಲ್ಲ.

ನೀರು ಕೆಳಕ್ಕೆ ಎಳೆಯತೊಡಗಿದರೆ, ಉದಾಹರಣೆಗೆ ದಿಬ್ಬದ ಅಂಚಿನಲ್ಲಿ, ಮೇಲಕ್ಕೆ ಒದ್ದಾಡದೆ ಅಡ್ಡಕ್ಕೆ ಈಜಿ ಆ ಹರಿವಿನಿಂದ ಹೊರಬೀಳಬೇಕು. ಬಂಡೆ ಸಿಕ್ಕರೆ ಹಿಡಿಯಬೇಕು. ಗಾಬರಿಯಲ್ಲಿ ಬಿಸಿಡಿಗೆ ಪೂರ್ತಿ ಗಾಳಿ ತುಂಬಿದರೆ ಸೆಳೆತ ಬಿಟ್ಟ ಕೂಡಲೇ ಚೆಂಡಿನಂತೆ ಮೇಲೆ ಚಿಮ್ಮುತ್ತೀರಿ. ಉಸಿರು ಹಿಡಿದಿದ್ದರೆ ಶ್ವಾಸಕೋಶಕ್ಕೆ ಪೆಟ್ಟು.

ತಂತ್ರ ನಡೆಯದ ಕಡೆಗಳು

ಇಷ್ಟೆಲ್ಲ ಕಲಿತವರೂ ಇಳಿಯಬಾರದ ಜಾಗಗಳಿವೆ. ದುರದೃಷ್ಟಕ್ಕೆ ನಮ್ಮ ಹೊಳೆಗಳಲ್ಲಿ ಅವೇ ಜಾಸ್ತಿ.

ಎಲ್ಲಕ್ಕಿಂತ ಕೆಟ್ಟದ್ದು ಒತ್ತಡದ ವ್ಯತ್ಯಾಸ. ಒಂದು ಗೋಡೆಯ ಈ ಕಡೆ ನೀರು ಎತ್ತರ, ಆ ಕಡೆ ತಗ್ಗು, ನಡುವೆ ಒಂದು ತೂತು. ಕರಾವಳಿಯ ಕಿಂಡಿ ಅಣೆಕಟ್ಟು, ಕೆರೆಯ ತೂಬು, ಅಣೆಕಟ್ಟೆಯ ಗೇಟು, ಪಂಪಿನ ಹೀರುಕೊಳವೆ ಎಲ್ಲವೂ ಇದೇ ಜಾತಿ. ಎರಡು ಕಡೆಯ ನೀರಿನ ಮಟ್ಟದಲ್ಲಿ ಬರೀ ಎರಡು ಮೀಟರ್ ವ್ಯತ್ಯಾಸ ಇದ್ದು, ತೂತು ಒಂದು ಅಡಿ ಅಗಲ ಒಂದು ಅಡಿ ಎತ್ತರ ಇದ್ದರೆ, ಅದಕ್ಕೆ ಅಡ್ಡ ಬಂದ ಮೈಯನ್ನು ಸುಮಾರು 180 ಕಿಲೋ ಭಾರ ಒತ್ತಿ ಹಿಡಿಯುತ್ತದೆ. ಕೆಲವು ಅಡಿ ದೂರದಲ್ಲಿ ಸೆಳೆತ ಗೊತ್ತೇ ಆಗುವುದಿಲ್ಲ. ಗೊತ್ತಾಗುವಷ್ಟು ಹತ್ತಿರ ಹೋದವರಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಎರಡೂ ಬದಿಯ ನೀರು ಸಮವಾದ ಮೇಲೆ ಅಥವಾ ಗೇಟು, ಪಂಪು ಬಂದ್ ಮಾಡಿ ಬೀಗ ಹಾಕಿದ ಮೇಲೆ ಮಾತ್ರ ಅಲ್ಲಿ ಇಳಿಯಬೇಕು.

ಹೊಳೆಗೆ ಅಡ್ಡಬಿದ್ದ ಮರವೂ ಅಷ್ಟೇ. ನೀರು ಕೊಂಬೆಗಳ ನಡುವೆ ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಗ್ಗು ಒಡ್ಡಿನ ಮೇಲಿಂದ ಧುಮುಕುವ ನೀರು ಕೆಳಗೆ ಉರುಳುರುಳಾಗಿ ಸುತ್ತುತ್ತಾ, ಸಿಕ್ಕಿದ್ದನ್ನೆಲ್ಲ ಮತ್ತೆ ಮತ್ತೆ ಒಡ್ಡಿನ ಬುಡಕ್ಕೇ ತರುತ್ತದೆ.

ಮೇಲ್ಗಡೆ ಅಣೆಕಟ್ಟೆ ಇರುವ ನದಿಯಲ್ಲಿ ನೀರಿನ ಮಟ್ಟ ಮಳೆಯಿಲ್ಲದೆಯೂ ಏರುತ್ತದೆ. ದಾಂಡೇಲಿಯ ಕಾಳಿ ನದಿಯ ರಾಫ್ಟಿಂಗ್ ಇಡೀ ನಿಂತಿರುವುದು ಸೂಪಾ ಕಡೆಯಿಂದ ನೀರು ಬಿಡುವುದರ ಮೇಲೆ. ಅಲ್ಲಿ ಮೊಸಳೆಗಳೂ ಇವೆ, ಅದು ಬೇರೆ ವಿಷಯ. ಸೇಂಟ್ ಲಾರೆನ್ಸ್‌ನ ಡೈವರ್‌ಗೆ ಸಿಗುವ ಭರವಸೆ, ನಾಳೆಯೂ ಸೆಳವು ಇಷ್ಟೇ ಇರುತ್ತದೆ ಎಂಬುದು, ನಮ್ಮಲ್ಲಿ ಇಲ್ಲ.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು, ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಗೆ ಬಿದ್ದಾಗ ಇದನ್ನು ಎಲ್ಲರೂ ನೋಡಿದರು. ನೌಕಾಪಡೆಯ ಮುಳುಗುತಜ್ಞರು ಬಂದರು, ಮಲ್ಪೆಯಿಂದಲೂ ಮುಳುಗುತಜ್ಞರು ಬಂದರು. ಆದರೂ ತುಂಬಿದ ಹೊಳೆಯ ಸೆಳವು ಇಳಿಯುವವರೆಗೆ ದಿನಗಟ್ಟಲೆ ಕಾಯಬೇಕಾಯಿತು. "ಇಷ್ಟು ಜನ ಇದ್ದೂ ಯಾಕೆ ಇಳಿಯುತ್ತಿಲ್ಲ?" ಎಂದು ಕೇಳಿದವರಿಗೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ತುಂಬಿದ ಹೊಳೆಯ ಸೆಳವು ಆರು ನಾಟ್ ಮುಟ್ಟಿದರೆ ಅದರ ಬಲ ಎರಡು ನಾಟ್‌ನ ಬಲದ ಒಂಬತ್ತು ಪಟ್ಟು. ಮೇಲಾಗಿ ಕೆಸರು ನೀರಿನಲ್ಲಿ ಏನೂ ಕಾಣದು, ತಳದಲ್ಲಿ ಕುಸಿದ ಮಣ್ಣು, ಮರ, ವಿದ್ಯುತ್ ತಂತಿ. ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತಂದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ಹೊರಬಂತು. ಕಾದಿದ್ದು ಹೇಡಿತನವಲ್ಲ, ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಹಳ್ಳಿಗಳಲ್ಲಿ ಯಾರಾದರೂ ಕೊಚ್ಚಿಹೋದಾಗ ಊರಿನ ಒಳ್ಳೆ ಈಜುಗಾರನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಹಗ್ಗ ಬಿಗಿಯಾದ ಕ್ಷಣ ಅವನು ಸೆಳವಿಗೆ ಅಡ್ಡ ನಿಂತ ಕಲ್ಲಾಗುತ್ತಾನೆ. ನೀರು ಮೈಮೇಲೆ ಏರುತ್ತದೆ, ತಲೆ ಎತ್ತಲು ಬಿಡುವುದಿಲ್ಲ. ಭಾರ ಬಿದ್ದ ಗಂಟನ್ನು ಬಿಚ್ಚುವುದೂ ಆಗುವುದಿಲ್ಲ. ದಡದವರು ಭಯದಲ್ಲಿ ಇನ್ನೂ ಎಳೆಯುತ್ತಾರೆ, ಅವನು ಇನ್ನೂ ಮುಳುಗುತ್ತಾನೆ. ತರಬೇತಿ ಪಡೆದ ರಕ್ಷಣಾ ತಂಡದವರು ಹಾಕುವ ಲೈಫ್ ಜಾಕೆಟ್‌ನಲ್ಲಿ ಹಗ್ಗವನ್ನು ಬೆನ್ನಿನ ಕಡೆಗೆ ಸಿಕ್ಕಿಸಿರುತ್ತಾರೆ. ಎದೆಯ ಮೇಲಿನ ಪುಟ್ಟ ಹಿಡಿ ಎಳೆದರೆ ಹಗ್ಗ ತಾನೇ ಕಳಚುತ್ತದೆ. ಅದಿಲ್ಲದಿದ್ದರೆ ಹಗ್ಗವನ್ನು ಮುಳುಗುತ್ತಿರುವವರ ಕಡೆಗೆ ಎಸೆಯಿರಿ. ಇಳಿಯುವವರ ಸೊಂಟಕ್ಕೆ ಕಟ್ಟಬೇಡಿ.

ಹವ್ಯಾಸಕ್ಕೆ ಕಲಿಯುವ ಆಸೆ ಇದ್ದವರು ಮೊದಲ ಹಂತದ ಸರ್ಟಿಫಿಕೇಟ್ ಮುಗಿಸಿ, ಸಮುದ್ರದಲ್ಲಿ ಒಂದಷ್ಟು ಡೈವ್ ಮಾಡಿ, ಎಸ್‌ಎಂಬಿ ಬಿಡುವುದನ್ನು ಈಜುಕೊಳದಲ್ಲೇ ಕೈಗೆ ಪಳಗಿಸಿಕೊಳ್ಳಬೇಕು. ಆಮೇಲೆ ಡ್ರಿಫ್ಟ್ ತರಬೇತಿ. ಟೊರೊಂಟೊ ಕಡೆ ಇರುವ ಕನ್ನಡಿಗರಿಗೆ ಬ್ರಾಕ್‌ವಿಲ್ ಕಾರಿನಲ್ಲಿ ಮೂರೂವರೆ ಗಂಟೆ ದಾರಿ. ಮೊದಲ ನದಿ ಡೈವ್‌ಗೆ ಅರ್ಧ ನಾಟ್ ಇರುವ ಜಾಗ ಸಾಕು. ಒಳ್ಳೆಯ ದೋಣಿಯವರು ಹಣ ತೆಗೆದುಕೊಳ್ಳುವ ಮೊದಲು ನಿಮ್ಮ ಲಾಗ್‌ಬುಕ್ ಕೇಳುತ್ತಾರೆ, ಸೆಳವಿನಲ್ಲಿ ಎಷ್ಟು ಸಲ ಇಳಿದಿದ್ದೀರಿ ಎಂದು ವಿಚಾರಿಸುತ್ತಾರೆ. ಕೇಳದವರ ದೋಣಿ ಹತ್ತಬೇಡಿ.